ರೆಂಜೆ ತಿರ್ಗಾಸಿನ ಹಸಿಸೊಪ್ಪು

ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷ. ಕುಂಞಿ ಮೋನು ತಮ್ಮ ಸ್ಕೂಟರನ್ನು ರಸ್ತೆಯ ಎಡಬದಿಗೆ ನಿಲ್ಲಿಸಿ, ಸೀಟಿನಡಿಯಿಂದ ಸ್ಪ್ಯಾನರು ಹುಡುಕಿ ತೆಗೆಯುತ್ತಿದ್ದರು. ಹಿಂದುಗಡೆ ಕಟ್ಟಿದ ಪೆಟ್ಟಿಗೆಯಲ್ಲಿ ಬಂಗುಡೆ, ಬೂತಾಯಿ ಮೀನು, ಅವುಗಳ ಮೇಲೆ ಐಸು. ಐಸು ಕರಗುವ ಮೊದಲು ಮೇಲಿನ ಮನೆಗಳಿಗೆಲ್ಲ ಮುಟ್ಟಿಸಬೇಕು. ಆದರೂ ನಿಲ್ಲಿಸಿದರು, ಯಾಕೆಂದರೆ ಎದುರಿಗೆ ರಸ್ತೆಯ ಮೇಲೆ ಹಸಿಸೊಪ್ಪು ಬಿದ್ದಿತ್ತು.

ಈ ಕಡೆಯ ರಸ್ತೆಗಳಲ್ಲಿ ಹಸಿಸೊಪ್ಪಿಗೆ ಒಂದು ಅರ್ಥ ಉಂಟು. ತಿರುವಿನಲ್ಲಿ ಗಾಡಿ ಕೆಟ್ಟು ನಿಂತರೆ ಡ್ರೈವರು ಮೊದಲು ಮಾಡುವ ಕೆಲಸ, ಪಕ್ಕದ ಪೊದೆಯಿಂದ ನಾಲ್ಕು ಗೆಲ್ಲು ಮುರಿದು ಎರಡೂ ಕಡೆ ರಸ್ತೆಗೆ ಹಾಕುವುದು. ಬರುವವನು ಸೊಪ್ಪು ಕಂಡರೆ ಸಾಕು, ನಿಧಾನ ಮಾಡುತ್ತಾನೆ. ಯಾವ ಬೋರ್ಡೂ ಬೇಡ, ದೀಪವೂ ಬೇಡ. ಒಳ್ಳೆಯವನಾದರೆ ತನ್ನ ಗಾಡಿ ಬದಿಗೆ ನಿಲ್ಲಿಸಿ, ಕೈಗೆ ಸಿಕ್ಕಿದ ಹತ್ಯಾರು ಹಿಡಿದುಕೊಂಡು, ಕೆಟ್ಟ ಗಾಡಿಯವನಿಗೆ ಒಂದು ಕೈ ಸಹಾಯ ಮಾಡಲು ನಡೆದೇ ಹೋಗುತ್ತಾನೆ. ಕುಂಞಿ ಮೋನು ಈ ರಸ್ತೆಯಲ್ಲಿ ನಲವತ್ತು ವರ್ಷದಿಂದ ಮೀನು ಮಾರುವವರು. ಸೊಪ್ಪು ಕಂಡು ನೋಡದವರಂತೆ ಮುಂದೆ ಹೋದದ್ದು ಅವರಿಗೆ ನೆನಪಿಲ್ಲ.

ಹಾಗಾಗಿ ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ನೀರಿನ ಕ್ಯಾನು ಹಿಡಿದು ಏರಿನಲ್ಲಿ ನಡೆದರು. ಜನವರಿಯ ಮಂಜು ಇನ್ನೂ ಎದ್ದಿರಲಿಲ್ಲ. ಹತ್ತು ಮಾರು ಮುಂದಿನದು ಬೂದಿಯ ಹಾಗೆ ಕಾಣುತ್ತಿತ್ತು. ತಿರ್ಗಾಸು, ಅಂದರೆ ಈ ಕಡೆಯವರ ಬಾಯಲ್ಲಿ ರಸ್ತೆಯ ತಿರುವು, ಇಲ್ಲಿ ಕುಡುಗೋಲಿನ ಹಾಗೆ ಬಾಗಿದೆ. ಒಳಬದಿಯಲ್ಲಿ ಹಳೆಯ ರೆಂಜೆ ಮರ. ಅದನ್ನು ದಾಟುವವರೆಗೆ ಆಚೆ ಏನಿದೆಯೆಂದು ಯಾರಿಗೂ ಕಾಣುವುದಿಲ್ಲ.

ದಾಟಿದರು. ಮಂಜಿನೊಳಗೆ ಬೂದುಬಣ್ಣದ ಟಾರ್ಪಾಲು ಹೊದಿಸಿದ ಒಂದು ಟೆಂಪೊ ರಸ್ತೆಗೆ ಅಡ್ಡವಾಗಿ ನಿಂತಿತ್ತು.

"ಓಯ್, ಎಂತ ಆಯ್ತು ಮಾರಾಯ್ರೆ?" ಎಂದು ಕೂಗಿದರು. "ಟಯರಾ, ಇಂಜಿನಾ?"

ಉತ್ತರ ಬರಲಿಲ್ಲ. ಟಾರ್ಪಾಲಿನ ಒಂದು ಮೂಲೆ ಮೆಲ್ಲನೆ ಅಲ್ಲಾಡಿತು. ಅದನ್ನು ಅಲ್ಲಾಡಿಸುವಷ್ಟು ಗಾಳಿ ಇರಲಿಲ್ಲ. ಮತ್ತೊಮ್ಮೆ ಅಲ್ಲಾಡಿತು, ನಿಂತಿತು. ಆಗ ಕುಂಞಿ ಮೋನು ಅವರಿಗೆ ಅದು ಕಿವಿ ಎಂದು ತಿಳಿಯಿತು.

*

ಆನೆ ಈ ಊರುಗಳಿಗೆ ಹೊಸದಲ್ಲ. ಹೊಸದು ರಸ್ತೆ. ಕುಂಞಿ ಮೋನು ಅವರ ತಂದೆ ಸವಣೂರಿನಿಂದ ಕಾವಡಿ ಹೊತ್ತು ಮೀನು ಮಾರುತ್ತಿದ್ದ ಕಾಲದಲ್ಲಿ ಇದು ಕೆಂಪು ಮಣ್ಣಿನ ಗಾಡಿದಾರಿ. ಮಗ ಹದಿನೇಳರ ಪ್ರಾಯದಲ್ಲಿ ಸೈಕಲಿನ ಹಿಂದೆ ಬುಟ್ಟಿ ಕಟ್ಟಿ ಹೊರಟಾಗ ಅರ್ಧಕ್ಕೆ ಡಾಮರು ಬಂದಿತ್ತು. ಸೈಕಲು ಹೋಗಿ ಸ್ಕೂಟರು ಬರುವ ಹೊತ್ತಿಗೆ ರಸ್ತೆಬದಿಯಲ್ಲಿ ತಲೆಗೆ ಹಸಿರು ಬಳಿದ ಕಲ್ಲುಗಳು ಎದ್ದು ನಿಂತಿದ್ದವು. ಹಸಿರು ತಲೆ ಎಂದರೆ ರಾಜ್ಯ ಹೆದ್ದಾರಿ. ಪುತ್ತೂರು ಬಿಟ್ಟರೆ ಸವಣೂರು, ಕಾಣಿಯೂರು, ನಿಂತಿಕಲ್ಲು, ಪಂಜ, ಆಮೇಲೆ ಸುಬ್ರಹ್ಮಣ್ಯದ ಕಡೆಗೆ. ನಡುವೆ ರಬ್ಬರು, ಗೇರು, ಕೊಕ್ಕೋ, ಒಂದೆರಡು ಗದ್ದೆ, ಡೈರಿ, ಶಾಲೆ, ಮಸೀದಿ, ಭಜನಾ ಮಂದಿರ. ಹೆಸರು ಹೆದ್ದಾರಿ, ಆದರೆ ಅದರ ಮೇಲೆ ಮೆಣಸು ಒಣಗಿಸುತ್ತಾರೆ, ದನ ಹೊಡೆದುಕೊಂಡು ಹೋಗುತ್ತಾರೆ.

ಅಗಲ ಮಾಡುವ ಕೆಲಸ ಬಂದಾಗ ರಸ್ತೆ ಎಲ್ಲ ಕಡೆ ಹಿಗ್ಗಿತು, ರೆಂಜೆ ತಿರ್ಗಾಸಿನಲ್ಲಿ ಮಾತ್ರ ಹಿಗ್ಗಲಿಲ್ಲ. ಅಲ್ಲಿ ಎರಡು ಕಡೆಯೂ ಮೀಸಲು ಅರಣ್ಯ, ಮರ ಕಡಿಯುವ ಹಾಗಿಲ್ಲ. ಕೆಳಗಿನಿಂದ ವೇಗವಾಗಿ ಬಂದ ಗಾಡಿ ಅಲ್ಲಿ ಇಕ್ಕಟ್ಟಿಗೆ ಸಿಕ್ಕಿಬೀಳುತ್ತದೆ. ಆನೆಗಳದ್ದೂ ಅದೇ ಕಥೆ. ಕೃಷಿಕರು ತೋಟದ ಸುತ್ತ ಸೋಲಾರ್ ಬೇಲಿ ಹಾಕಿದರು. ಅದು ತಪ್ಪಲ್ಲ, ಒಂದು ರಾತ್ರಿಯಲ್ಲಿ ಹತ್ತು ವರ್ಷದ ಬೆಳೆ ಹೋಗುವಾಗ ಯಾರಾದರೂ ಹಾಕುತ್ತಾರೆ. ಬೇಲಿ ಬಿದ್ದಲ್ಲೆಲ್ಲ ಆನೆಯ ದಾರಿ ಮುಚ್ಚಿತು. ತೆರೆದು ಉಳಿದದ್ದು ರೆಂಜೆ ತಿರ್ಗಾಸು ಒಂದೇ.

ಹಿಂದಿನ ದೀಪಾವಳಿಯಿಂದ ಅಲ್ಲಿ ಲದ್ದಿ ಕಾಣತೊಡಗಿತ್ತು. ಕುಂಞಿ ಮೋನು ಹೆದರುವವರೇ. ಹೆದರುವುದಿಲ್ಲ ಎಂದು ಅವರು ಯಾವತ್ತೂ ಹೇಳಿಕೊಂಡವರಲ್ಲ. ಹೆಂಡತಿ ಝೈನಬ ಪ್ರತಿದಿನ ಬೆಳಿಗ್ಗೆ ತಲೆಗೆ ಸುತ್ತುವ ಬೈರಾಸು ಕೈಗೆ ಕೊಡುವಾಗ ಅದನ್ನೇ ಹೇಳುತ್ತಿದ್ದರು.

"ನಿಂತಿಕಲ್ಲಿನಿಂದ ವಾಪಸು ಬಂದ್ರೆ ನಿಮ್ಗೆ ಎಂತ ಕಡ್ಮೆ ಆಗ್ತದೆ? ಅಸ್ಕರನೂ ಫೋನಿನಲ್ಲಿ ಅದೇ ಹೇಳುದು. ಅವ್ನು ದುಬೈಯಲ್ಲಿ ಕೂತು ನಿದ್ದೆ ಬಿಟ್ಟಿದ್ದಾನೆ."

"ಅವ್ನು ನಿದ್ದೆ ಬಿಟ್ಟದ್ದು ಮೊಬೈಲು ನೋಡಿ. ಮೇಲಿನ ಮನೆಯವ್ರು ಮೀನಿಗೆ ಎಲ್ಲಿಗೆ ಹೋಗುದು? ಆ ನೀಲಾವತಿಯಕ್ಕನಿಗೆ ಕಾಲು ಆಗುದಿಲ್ಲ, ನನ್ನ ಹಾರನ್ ಕೇಳಿದ್ರೆ ಮಾತ್ರ ಅವ್ರು ಒಲೆಗೆ ಮೆಣಸು ಹಾಕುದು."

"ಆ ಹಾರನ್ ಆನೆಗೂ ಕೇಳ್ತದೆ."

ಹಾರನ್ ಎಂದರೆ ಸ್ಕೂಟರಿನ ಹ್ಯಾಂಡಲಿಗೆ ಕಟ್ಟಿದ ರಬ್ಬರ್ ಉಂಡೆಯ ಹಿತ್ತಾಳೆ ಹಾರನ್. ಒತ್ತಿದರೆ ಪೋಂ ಪೋಂ. ಬಸ್ಸಿನವರದ್ದು, ಬ್ರೆಡ್ಡಿನವರದ್ದು ಬೇರೆ, ಇದು ಬೇರೆ. ಈ ಧ್ವನಿಯನ್ನು ಅವರ ಹೆಸರಿಗಿಂತ ಹೆಚ್ಚು ಜನ ಬಲ್ಲರು. ಹೆಸರು ತಿಳಿದವರು ಮೋನಾಕ ಎನ್ನುತ್ತಿದ್ದರು, ಮಕ್ಕಳಿಗೆ ಮೀನಿನ ಕಾಕ.

ಮಕ್ಕಳೆಂದರೆ ಲತೀಶನ ಓಮ್ನಿಯ ಮಕ್ಕಳು. ಲತೀಶ್ ಅದೇ ರಸ್ತೆಯ ಗೌಡರ ಮನೆಯ ಹುಡುಗ, ಮೂವತ್ತರ ಒಳಗಿನವ, ಕೆಳಗಿನ ಊರುಗಳಿಂದ ಮಕ್ಕಳನ್ನು ಹತ್ತಿಸಿಕೊಂಡು ಮೇಲಿನ ಶಾಲೆಗೆ ಬಿಡುತ್ತಾನೆ. ಒಂದು ಓಮ್ನಿಯಲ್ಲಿ ಎಷ್ಟು ಮಕ್ಕಳು ಹಿಡಿಯುತ್ತಾರೆ ಎಂದು ಅವನ ಹತ್ತಿರ ಕೇಳಬಾರದು. ಚೀಲಗಳೆಲ್ಲ ಹಿಂದೆ ಗಾಜಿನ ಮಟ್ಟಕ್ಕೆ, ಮಕ್ಕಳೆಲ್ಲ ಮುಂದೆ ಒಬ್ಬರ ಮಡಿಲಿನಲ್ಲಿ ಒಬ್ಬರು. ಗಾಡಿ ಸ್ಕೂಟರನ್ನು ದಾಟುವಾಗ ಎಲ್ಲರೂ ಕಿಟಕಿಗೆ ಬಿದ್ದು ಒಂದೇ ಸ್ವರದಲ್ಲಿ "ಪೋಂ ಪೋಂ" ಎಂದು ಕೂಗಬೇಕು, ಮೀನಿನ ಕಾಕ ಹಾರನ್ ಒತ್ತಿ ಉತ್ತರ ಕೊಡಬೇಕು. ಒಂದನೇ ಕ್ಲಾಸಿನ ಗಾನಶ್ರೀ ಇದರ ಮುಖಂಡೆ. ಉತ್ತರ ಬರದಿದ್ದರೆ ಅವಳು ಮರುದಿನ ಮುಖ ಊದಿಸಿಕೊಂಡು ಕೂರುತ್ತಾಳೆ.

ಆ ದಿನವೂ ತಿರ್ಗಾಸಿನಿಂದ ಕೆಳಗೆ, ಕೃಷಿಕ ತೀರ್ಥರಾಮರ ಗೇಟಿನ ಹತ್ತಿರ ಓಮ್ನಿ ಸಿಕ್ಕಿತ್ತು. ತೀರ್ಥರಾಮರ ಮೊಮ್ಮಗಳು ಸಾಕ್ಷಿ ಶೂ ಕಟ್ಟುತ್ತಿದ್ದಳು, ಲತೀಶ್ ಕಾಯುತ್ತಿದ್ದ.

"ಮೋನಾಕ, ನೀವು ಮುಂದೆ ಹೋಗಿ. ನಾನು ಹಿಂದೆಯೇ ಬಂದೆ. ಆದ್ರೆ ನಿಮ್ಮ ಐಸಿನ ನೀರು ರೋಡಿಗೆ ಬಿಡ್ಬೇಡಿ ಮಾರಾಯ್ರೆ, ನನ್ನ ಗ್ಲಾಸೆಲ್ಲ ಬೂತಾಯಿ ವಾಸನೆ."

"ನಿನ್ನ ಗಾಡಿಗೆ ಅದೊಂದಾದ್ರೂ ಒಳ್ಳೆ ವಾಸನೆ ಇರ್ಲಿ," ಎಂದು ಹೇಳಿ ಕುಂಞಿ ಮೋನು ಏರು ಹತ್ತಿದ್ದರು.

*

ಈಗ ಆ ಮಾತು ಅವರ ತಲೆಯಲ್ಲಿ ಒಂದೇ ಸಮನೆ ತಿರುಗುತ್ತಿತ್ತು. ನಾನು ಹಿಂದೆಯೇ ಬಂದೆ.

ಆನೆ ಅಲ್ಲಾಡಲಿಲ್ಲ. ಮೇಯುವ ಆನೆಯ ಕಿವಿ ಬೀಸುತ್ತಿರುತ್ತದೆ. ಕಿವಿ ನಿಂತಿತೆಂದರೆ ಅದು ಆಲಿಸುತ್ತಿದೆ ಎಂದರ್ಥ. ಕುಂಞಿ ಮೋನು ಕೂಗಿದ್ದು ಅದಕ್ಕೆ ಕೇಳಿತ್ತು, ಎಲ್ಲಿಂದ ಎಂದು ಮಾತ್ರ ಗೊತ್ತಾಗಿರಲಿಲ್ಲ. ವಾಸನೆ ಮುಟ್ಟಿರಲಿಲ್ಲ. ಬೆಳಗಿನ ಹೊತ್ತು ಗುಡ್ಡದ ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತಿರುತ್ತದೆ. ಆನೆ ಮೇಲಿತ್ತು, ಅವರು ಕೆಳಗಿದ್ದರು. ಬಿಸಿಲು ಗುಡ್ಡಕ್ಕೆ ತಾಗಿದ ಮೇಲೆ ಗಾಳಿ ತಿರುಗಿ ಮೇಲಕ್ಕೆ ಹತ್ತುತ್ತದೆ. ಮಂಜಿನ ತುದಿಯಲ್ಲಿ ಆಗಲೇ ತೆಳುವಾದ ಹಳದಿ ಬಣ್ಣ ಕಾಣುತ್ತಿತ್ತು.

ಆನೆಯ ಹೊಟ್ಟೆಯಡಿಯಲ್ಲಿ ಇನ್ನೊಂದು ಏನೋ ಸರಿಯಿತು. ಮೊಣಕಾಲೆತ್ತರದ ನಾಲ್ಕು ಕಂಬಗಳು. ಮರಿ.

ಮರಿ ಇದ್ದ ಆನೆಯ ಮುಂದೆ ಓಡಬಾರದು ಎಂದು ಅವರ ತಂದೆ ಹೇಳಿದ್ದರು. ಏನು ಮಾಡಬೇಕು ಎಂದು ಹೇಳಿರಲಿಲ್ಲ. ಕುಂಞಿ ಮೋನು ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಕ್ಯಾನಿನಲ್ಲಿ ನೀರು ಕುಲುಕಿತು. ಕ್ಯಾನನ್ನು ಮಗುವಿನ ಹಾಗೆ ಎದೆಗೆ ಒತ್ತಿ ಹಿಡಿದರು. ರೆಂಜೆ ಮರದ ಮರೆಗೆ ಬಂದಾಗ ಕಾಲಿಗೆ ಅದೇ ಸೊಪ್ಪು ಸಿಕ್ಕಿತು. ಈಗ ನೋಡಿದರು. ಕತ್ತಿಯಿಂದ ಕಡಿದ ಗೆಲ್ಲಿನ ತುದಿ ಓರೆಯಾಗಿ, ಬೆಳ್ಳಗೆ, ನುಣ್ಣಗೆ ಇರುತ್ತದೆ. ಕೈಯಲ್ಲಿ ಮುರಿದದ್ದು ಚಿಕ್ಕದಿರುತ್ತದೆ. ಇದು ಹಲಸಿನ ಗೆಲ್ಲು, ತೊಡೆಯಷ್ಟು ದಪ್ಪ. ತುದಿ ಹಗ್ಗದ ಹಾಗೆ ತಿರುಚಿ ಸಿಗಿದಿತ್ತು, ತೊಗಟೆ ಮಾರುದ್ದ ಜೋತಿತ್ತು, ಎಲೆಗಳಿಗೆ ಅಂಟಂಟು ಜೊಲ್ಲು.

ಕೆಟ್ಟ ಗಾಡಿಯವನು ಹಾಕಿದ ಸೊಪ್ಪು ಎಂದು ಆನೆ ತಿಂದು ಬಿಟ್ಟದ್ದರ ಹಿಂದೆ ಹೋಗಿದ್ದರು ಅವರು. ಸ್ಪ್ಯಾನರು ಹಿಡಿದುಕೊಂಡು.

ನಗುವ ಹೊತ್ತಲ್ಲ. ಲತೀಶ್ ಬರುತ್ತಾನೆ. ಈ ಸೊಪ್ಪು ಕಾಣುತ್ತಾನೆ. ಅವನೂ ಇದೇ ರಸ್ತೆಯಲ್ಲಿ ಬೆಳೆದವ, ಸೊಪ್ಪಿನ ಅರ್ಥ ಅವನಿಗೂ ಗೊತ್ತು. ನಿಲ್ಲಿಸುತ್ತಾನೆ, ಇಳಿದು ಬರುತ್ತಾನೆ. ಅದಕ್ಕಿಂತ ಮೊದಲು ಕೆಳಗಿನ ಮೋರಿಯ ಹತ್ತಿರ, ತಿರ್ಗಾಸಿಗೆ ಬಂದವರೆಲ್ಲ ಒತ್ತುವ ಹಾಗೆ, ಉದ್ದಕ್ಕೆ ಹಾರನ್ ಒತ್ತುತ್ತಾನೆ. ಮೀನಿನ ಸ್ಕೂಟರು ಕಂಡರೆ ಮಕ್ಕಳು ಸುಮ್ಮನಿರುತ್ತಾರೆಯೇ? ಎಲ್ಲರೂ ಒಟ್ಟಿಗೆ "ಪೋಂ ಪೋಂ." ಇಷ್ಟು ವರ್ಷ ಬೆಳಿಗ್ಗೆ ಅವರು ಕಿವಿಗೊಟ್ಟು ಕಾಯುತ್ತಿದ್ದ ಆ ಸ್ವರ ಇವತ್ತು ಮಾತ್ರ ಏಳಬಾರದು. ಗಾಬರಿಯಾದ ಆನೆ ಆ ತಗಡಿನ ಓಮ್ನಿಯನ್ನು ಏನು ಮಾಡಬಹುದು ಎಂಬುದನ್ನು ಅವರು ಮುಂದಕ್ಕೆ ಯೋಚಿಸಲಿಲ್ಲ, ಯೋಚಿಸಿದರೆ ಕಾಲು ನಡೆಯುತ್ತಿರಲಿಲ್ಲ.

ಫೋನು ಮಾಡೋಣವೆಂದರೆ ಆ ತಿರ್ಗಾಸಿನಲ್ಲಿ ನೆಟ್‌ವರ್ಕು ಇಲ್ಲ. ಕೂಗುವ ಹಾಗಿಲ್ಲ. ಸ್ಕೂಟರು ಸ್ಟಾರ್ಟು ಮಾಡುವ ಹಾಗಿಲ್ಲ, ಅದರ ಸೈಲೆನ್ಸರು ಯಾವಾಗಲೋ ತೂತಾಗಿತ್ತು. ಓಡೋಣವೆಂದರೆ ಐವತ್ತೇಳರ ಮೊಣಕಾಲು.

ಉಳಿದದ್ದು ಇಳಿಜಾರು. ಕುಂಞಿ ಮೋನು ಸ್ಪ್ಯಾನರನ್ನೂ ಕ್ಯಾನನ್ನೂ ಹುಲ್ಲಿನ ಮೇಲೆ ಮೆಲ್ಲನೆ ಮಲಗಿಸಿದರು. ತಲೆಯ ಬೈರಾಸು ಬಿಚ್ಚಿ ಹಿತ್ತಾಳೆ ಹಾರನಿನ ಬಾಯಿಗೆ ತುರುಕಿದರು, ಕುಲುಕಾಟಕ್ಕೆ ಅದು ಅಪ್ಪಿತಪ್ಪಿ ಕೂಗಬಾರದು. ಸ್ಕೂಟರನ್ನು ಕೆಳಮುಖವಾಗಿ ತಿರುಗಿಸಿ, ನ್ಯೂಟ್ರಲಿಗೆ ಹಾಕಿ, ಹತ್ತಿ ಕೂತು ಕಾಲಿನಿಂದ ಒಮ್ಮೆ ನೂಕಿದರು. ಮೀನಿನ ಭಾರಕ್ಕೆ ಅದು ತಾನಾಗಿ ಉರುಳಿತು.

ಬ್ರೇಕು ಹಿಡಿದರೆ ಕಿರುಚುತ್ತದೆ ಎಂದು ಅವರಿಗೆ ಗೊತ್ತು. ಹಾಗಾಗಿ ಎರಡೂ ಚಪ್ಪಲಿಗಳನ್ನು ರಸ್ತೆಗೆ ಒತ್ತಿಕೊಂಡು ಇಳಿದರು. ರಬ್ಬರು ಸುಟ್ಟ ವಾಸನೆ ಬಂತು. ಮಂಜಿನಲ್ಲಿ ರಸ್ತೆಯ ಬಿಳಿ ಗೆರೆ ಬಿಟ್ಟು ಬೇರೇನೂ ಕಾಣದು. ಎಡಕ್ಕೆ ಹೋದರೆ ಚರಂಡಿ, ಬಲಕ್ಕೆ ಹೋದರೆ ನೀರು ಹರಿಯುವ ತೋಡು. ಬಾಯಲ್ಲಿ ಬರುತ್ತಿದ್ದದ್ದು ಒಂದೇ ಶಬ್ದ, "ಯಾ ರಬ್ಬೇ, ಯಾ ರಬ್ಬೇ," ಅದೂ ತುಟಿಯ ಒಳಗೆ. ಮೋರಿಯ ಗೋಡೆ ಬದಿಯಲ್ಲಿ ಸರಿದು ಹೋಯಿತು. ಅದರ ಆಚೆ ಸ್ವಲ್ಪ ಸಮತಟ್ಟು. ಸ್ಕೂಟರು ನಿಧಾನವಾಗಿ ನಿಂತಿತು.

ನಿಂತ ಮೇಲೆ ಕೇಳಿತು, ಕೆಳಗಿನ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ಏದುತ್ತ ಬರುವ ಓಮ್ನಿ.

ಅದನ್ನು ನಿಲ್ಲಿಸುವುದು ಹೇಗೆ? ಪಕ್ಕದಲ್ಲೇ ಪೊದೆ ಇತ್ತು, ಕೈ ಅಭ್ಯಾಸದಿಂದ ಆ ಕಡೆಗೆ ಹೋಯಿತು, ಅಷ್ಟರಲ್ಲಿ ತಡೆದರು. ಸೊಪ್ಪು ಹಾಕಿದರೆ ಲತೀಶ್ ಹಾರನ್ ಒತ್ತುತ್ತಾನೆ. ನಲವತ್ತು ವರ್ಷ ನಂಬಿದ ಗುರುತು ಇವತ್ತು ಪ್ರಯೋಜನಕ್ಕಿಲ್ಲ. ಯಾರೂ ಯಾವತ್ತೂ ಕಾಣದ್ದು ಏನಾದರೂ ಕಾಣಬೇಕು, ಕಂಡವನ ಕೈ ಹಾರನಿಗೆ ಹೋಗುವ ಮೊದಲು ಅವನಿಗೆ ಮಾತೇ ನಿಂತುಹೋಗಬೇಕು.

ಕುಂಞಿ ಮೋನು ಸ್ಕೂಟರನ್ನು ರಸ್ತೆಯ ನಟ್ಟನಡುವೆ ಮಗುವನ್ನು ಮಲಗಿಸುವ ಹಾಗೆ ಅಡ್ಡ ಮಲಗಿಸಿದರು. ಪೆಟ್ಟಿಗೆಯ ಮುಚ್ಚಳ ಜಾರಿತು. ಐಸು, ಬಂಗುಡೆ, ಬೂತಾಯಿ ಎಲ್ಲ ಡಾಮರಿನ ಮೇಲೆ ಬೆಳ್ಳಗೆ ಹರಡಿತು. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಅಂಗೈಗಳಿಂದ ತಮ್ಮ ಬಾಯಿ ಮುಚ್ಚಿಕೊಂಡರು.

ಓಮ್ನಿ ಮಂಜಿನಿಂದ ಹೊರಬಂತು. ದೀಪ ಮುಖಕ್ಕೆ ಬಿತ್ತು. ಸಮತಟ್ಟು ಮುಟ್ಟುವ ಮೊದಲೇ, ಏರಿನಲ್ಲಿ ಟಯರು ಉಜ್ಜಿ ನಿಂತಿತು. ಗಾಜಿನ ಹಿಂದೆ ಲತೀಶನ ಬಾಯಿ ತೆರೆದಿತ್ತು, ಬಲಗೈ ಸ್ಟಿಯರಿಂಗಿನ ನಡುವಿನಲ್ಲಿ ಹಾರನಿನ ಮೇಲೆಯೇ ಇತ್ತು. ಒತ್ತಲಿಲ್ಲ. ಮೀನಿನ ರಾಶಿಯ ನಡುವೆ ಬಾಯಿ ಮುಚ್ಚಿ ಕೂತ ಮೋನಾಕನನ್ನು ಅವನು ನೋಡಿಯೇ ನೋಡಿದ.

ಕುಂಞಿ ಮೋನು ಒಂದು ಕೈ ತೆಗೆದು, ಮೂಗಿನ ಮುಂದೆ ತೋಳನ್ನು ಇಳಿಬಿಟ್ಟು, ಮೆಲ್ಲನೆ ತೂಗಿದರು.

ಮೂರು ವರ್ಷದ ಮಗುವಿಗೂ ಅರ್ಥವಾಗುವ ಸಂಜ್ಞೆ. ಲತೀಶ್ ಹಾರನಿನಿಂದ ಕೈ ತೆಗೆದ. ಕೀ ತಿರುಗಿಸಿದ. ಇಂಜಿನು ಸತ್ತಿತು. ಆ ಮೌನದಲ್ಲಿ ಎದುರು ಸೀಟಿನ ಗಾನಶ್ರೀ ಗಾಜು ಸರಿಸಿ ಬಾಯಿ ಉಂಡೆ ಮಾಡಿದಳು.

"ಪೋ..."

ಹಿಂದಿನಿಂದ ಸಾಕ್ಷಿಯ ಕೈ ಬಂದು ಅವಳ ಬಾಯಿ ಮುಚ್ಚಿತು. ತೀರ್ಥರಾಮರ ಮೊಮ್ಮಗಳು ಸೋಲಾರ್ ಬೇಲಿಯ ಒಳಗೆ ಬೆಳೆದವಳು, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆ ಅರ್ಧ ಶಬ್ದ ಹೋಗಿತ್ತು. ಮೇಲೆ, ತಿರ್ಗಾಸಿನ ಕಡೆಯಿಂದ, ಏನೋ ಮುರಿಯಿತು. ಆಮೇಲೆ ಇನ್ನೊಂದು ಕಡೆ, ಎಡಗಡೆಯ ಕಾಡಿನ ಒಳಗೆ, ಬಿದಿರು ಸಿಡಿಯಿತು. ಅಂದರೆ ಒಂದೇ ಅಲ್ಲ. ಎಷ್ಟು ಎಂದು ಹೇಳುವವರು ಯಾರೂ ಇರಲಿಲ್ಲ.

ಓಮ್ನಿಯನ್ನು ಹಿಂದಕ್ಕೆ ಉರುಳಿಸಬೇಕು. ಕುಂಞಿ ಮೋನು ಎದ್ದು ಕೈಸನ್ನೆ ಮಾಡಿದರು, ನ್ಯೂಟ್ರಲು, ಬ್ರೇಕು ಸ್ವಲ್ಪ ಸ್ವಲ್ಪ ಬಿಡು. ಲತೀಶನಿಗೆ ಹಿಂದೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಗಾಜಿಗೆ ಚೀಲದ ರಾಶಿ, ಬದಿಯ ಕನ್ನಡಿಗಳಿಗೆ ಮಂಜಿನ ನೀರು. ಅವನು ನೋಡಬಹುದಾದದ್ದು ಎದುರಿಗೆ ನಿಂತ ಮೋನಾಕನ ಎರಡು ಕೈಗಳನ್ನು ಮಾತ್ರ. ಲಾರಿಯ ಕ್ಲೀನರು ಮಾಡುವ ಹಾಗೆ ಅವರು ಕೈಯಾಡಿಸಿದರು, ಬಲಕ್ಕೆ, ಇನ್ನೂ ಬಲಕ್ಕೆ, ಈಗ ನೇರ. ಓಮ್ನಿ ಶಬ್ದವಿಲ್ಲದೆ ಹಿಂದೆ ಸರಿಯಿತು. ಅವರು ಅದರ ಮುಖಕ್ಕೆ ಮುಖ ಕೊಟ್ಟು ನಡೆದರು.

ಹಾಗೆ ನಡೆದರೆ ಬೆನ್ನು ಆನೆಯ ಕಡೆಗೆ.

ಮಂಜು ಹರಿಯತೊಡಗಿತ್ತು. ಇಷ್ಟು ಹೊತ್ತು ಬೆನ್ನಿನ ಕಡೆಯಿಂದ ಬರುತ್ತಿದ್ದ ತಣ್ಣನೆಯ ಗಾಳಿ ನಿಂತು, ಕೆಳಗಿನಿಂದ ಬೆಚ್ಚನೆಯದು ಒಂದು ಅವರ ಕೆನ್ನೆಗೆ ತಾಗಿತು. ಗಾಳಿ ತಿರುಗಿತು. ಈಗ ಮೀನಿನ ವಾಸನೆ, ಮನುಷ್ಯರ ವಾಸನೆ, ಮಕ್ಕಳ ತಲೆಯ ಎಣ್ಣೆಯ ವಾಸನೆ, ಎಲ್ಲ ಏರಿನಲ್ಲಿ ಮೇಲೆ ಹೋಗುತ್ತಿತ್ತು. ಲತೀಶನ ಕಣ್ಣು ಅವರ ಕೈ ಬಿಟ್ಟು ಅವರ ಹೆಗಲಿನ ಮೇಲಿಂದ ಹಿಂದೆ ಹೋಯಿತು, ಅಲ್ಲೇ ನಿಂತಿತು. ಕುಂಞಿ ಮೋನು ತಿರುಗಿ ನೋಡಲಿಲ್ಲ. ನೋಡಿದರೆ ಕೈ ತಪ್ಪುತ್ತದೆ, ಕೈ ತಪ್ಪಿದರೆ ಗಾಡಿ ತೋಡಿಗೆ. ಕಣ್ಣು ಇಲ್ಲಿಡು ಎಂದು ಎರಡು ಬೆರಳಿನಲ್ಲಿ ತೋರಿಸಿದರು. ಲತೀಶ್ ನೋಡಿದ.

ಹಿಂದೆ ಡಾಮರಿನ ಮೇಲೆ ಹೆಜ್ಜೆಯ ಶಬ್ದವೇ ಇಲ್ಲ. ಅದೇ ಅತಿ ದೊಡ್ಡ ಹೆದರಿಕೆ. ಅಷ್ಟು ದೊಡ್ಡ ಪ್ರಾಣಿ ಬೆಕ್ಕಿನ ಹಾಗೆ ನಡೆಯುತ್ತದೆ, ಅದು ನೂರು ಮಾರು ದೂರ ಇದೆಯೋ, ಹೆಗಲಿಗೆ ಬಂದು ಉಸಿರು ಬಿಡುತ್ತಿದೆಯೋ, ಕಿವಿಯಿಂದ ತಿಳಿಯುವುದಿಲ್ಲ. ಒಮ್ಮೆ ಮಾತ್ರ ಕೇಳಿತು, ತಗಡು ಮಡಚಿದ ಶಬ್ದ, ಆಮೇಲೆ ಐಸು ಪುಡಿಯಾಗುವ ಶಬ್ದ.

ಆಗ ಕುಂಞಿ ಮೋನು ಎಣಿಸತೊಡಗಿದರು. ಎದುರಿನ ಗಾಜಿನಲ್ಲಿ ಕಂಡ ಮುಖಗಳನ್ನು, ಸೀಟುಗಳ ನಡುವೆ ಕಂಡ ಮುಖಗಳನ್ನು, ಯಾರದೋ ಕಂಕುಳಿನಿಂದ ಇಣುಕುವ ಅರ್ಧ ಮುಖವನ್ನು. ಒಮ್ಮೆ ಎಣಿಸಿದರು. ಮುಗಿದ ಕೂಡಲೇ ಮೊದಲಿನಿಂದ ಎಣಿಸಿದರು. ಎಣಿಕೆ ನಿಂತರೆ ಬೆನ್ನಿನ ನೆನಪು ಬರುತ್ತದೆ. ಎಲ್ಲ ಕಣ್ಣುಗಳೂ ಅವರ ಹಿಂದೆ ಎಲ್ಲೋ ನೋಡುತ್ತಿದ್ದವು, ಒಂದು ಬಾಯಿಯೂ ತೆರೆದಿರಲಿಲ್ಲ. ಪ್ರತಿ ಸಲವೂ ಲೆಕ್ಕ ಸರಿಯಾಗಿ ಬಂತು.

ಕೆಳಗಿನ ತಿರುವಿನಲ್ಲಿ ತೀರ್ಥರಾಮರ ಗೇಟು. ತೀರ್ಥರಾಮರು ಆ ರಸ್ತೆಯ ಹಳೆಯ ಕೃಷಿಕರು. ಹಾಲಿನ ಕ್ಯಾನು ಹಿಡಿದು ಹೊರಬಂದವರು, ಇಂಜಿನಿಲ್ಲದೆ ಹಿಂದಕ್ಕೆ ಉರುಳಿ ಬರುವ ಶಾಲೆಯ ಗಾಡಿಯನ್ನೂ ಅದರ ಮುಂದೆ ತಲೆಗೆ ಬೈರಾಸಿಲ್ಲದೆ ಕೈಯಾಡಿಸುತ್ತ ಬರುವ ಮೀನಿನ ಮೋನುವನ್ನೂ ಕಂಡು ಗೇಟು ತೆರೆದು ಬದಿಗೆ ನಿಂತರು. ಓಮ್ನಿ ಅಂಗಳಕ್ಕೆ ಸರಿಯಿತು. ಗೇಟು ಹಾಕಿದರು.

ಲತೀಶ್ ಬಾಗಿಲು ತೆರೆದು ಇಳಿದ, ಎರಡು ಹೆಜ್ಜೆ ನಡೆದ, ತುಳಸಿಕಟ್ಟೆಯ ಹತ್ತಿರ ವಾಂತಿ ಮಾಡಿದ. ಮಕ್ಕಳಲ್ಲಿ ಒಬ್ಬಳು ಅತ್ತಳು, ಆಮೇಲೆ ಎಲ್ಲರೂ.

ಗಾನಶ್ರೀ ಅಳಲಿಲ್ಲ. ಕಿಟಕಿಯಿಂದ ಬಗ್ಗಿ, ಪಿಸುಮಾತಿನಲ್ಲಿ ಕೇಳಿದಳು. "ಕಾಕ, ಇನ್ನು ಹೇಳ್ಬಹುದಾ?"

"ಎಂತ ಮೋಳೆ, ಎಂತ ಹೇಳುದು ಮಗಳೇ?"

"ಪೋಂ ಪೋಂ."

ಕುಂಞಿ ಮೋನು ಗೇಟಿನ ಕಡೆಗೆ ನೋಡಿದರು. ಬೇಡ ಎಂದು ತಲೆಯಾಡಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತರು. ತೀರ್ಥರಾಮರು ನೀರಿನ ಲೋಟ ತಂದರು. ಅವರೇ ಹಿಡಿದು ಕುಡಿಸಿದರು.

*

ಮಧ್ಯಾಹ್ನದ ಹೊತ್ತಿಗೆ ಹೋಗಿ ನೋಡಿದಾಗ ರಸ್ತೆಯಲ್ಲಿ ಆನೆಗಳು ಇರಲಿಲ್ಲ. ಸ್ಕೂಟರಿನ ಹಿಂದಿನ ಭಾಗ ಹಪ್ಪಳದಂತೆ ಚಪ್ಪಟೆಯಾಗಿತ್ತು. ಡಾಮರಿನ ಮೇಲೆ ಮೀನಿನ ಲೋಳೆಯಲ್ಲಿ ಒಂದು ಉರುಟು ಹೆಜ್ಜೆಗುರುತು, ಅದರೊಳಗೆ ಬಂಗುಡೆಗಳು ಕಾಗದದ ಹಾಗೆ. ಉಳಿದದ್ದನ್ನು ಕಾಗೆಗಳು ಮುಗಿಸಿದ್ದವು. ಹಿತ್ತಾಳೆ ಹಾರನ್ ಚರಂಡಿಯಲ್ಲಿ ಸಿಕ್ಕಿತು, ಬಾಯಲ್ಲಿ ಬೈರಾಸು ಹಾಗೆಯೇ ಇತ್ತು.

ಹೆಂಡತಿಗೆ ಅವರು ಪೂರ್ತಿ ಹೇಳಲಿಲ್ಲ. ಆದರೆ ಲತೀಶ್ ಹೇಳಿದ, ಝೈನಬರಿಗೆ ಸಂಜೆಯೊಳಗೆ ಎಲ್ಲ ಗೊತ್ತಾಯಿತು. ಅವರು ಬೈಯಲಿಲ್ಲ, ಅದರಿಂದ ಕುಂಞಿ ಮೋನು ಇನ್ನಷ್ಟು ಹೆದರಿದರು. ಮರುದಿನ ಬೆಳಿಗ್ಗೆ ಬೈರಾಸು ಕೈಗೆ ಸಿಗಲಿಲ್ಲ. ಕೇಳಿದ್ದಕ್ಕೆ, "ತೊಳೆದು ಹಾಕಿದ್ದೇನೆ, ಒಣಗ್ಲಿ," ಎಂದರು. ಆ ಬೈರಾಸು ಒಣಗಲು ಒಂದು ತಿಂಗಳು ಹಿಡಿಯಿತು.

ಒಂದು ದಿನ ನೀಲಾವತಿಯಕ್ಕ ಫೋನು ಮಾಡಿಸಿದರು. "ಎಂತ ಮೋನು, ಆನೆ ನಿನ್ನ ಮೀನು ತುಳಿದದ್ದಕ್ಕೆ ನಾವು ಸೊಪ್ಪು ತಿನ್ಬೇಕಾ?" ಮರುದಿನ ಝೈನಬರೇ ಬೈರಾಸು ಮಡಚಿ ತಂದುಕೊಟ್ಟರು.

ಅವರ ಹೆದರಿಕೆ ಹೋಗಿದೆಯೇ ಎಂದರೆ, ಇಲ್ಲ. ಈಗ ಅವರ ಹತ್ತಿರ ಹಳೆಯದೇ ಆದರೂ ಬೇರೊಂದು ಸ್ಕೂಟರು ಉಂಟು, ಹ್ಯಾಂಡಲಿನಲ್ಲಿ ಅದೇ ಹಿತ್ತಾಳೆ ಹಾರನ್. ಮೋರಿ ಬಂದ ಕೂಡಲೇ ಬೈರಾಸು ಬಿಚ್ಚಿ ಅದರ ಬಾಯಿಗೆ ತುರುಕುತ್ತಾರೆ, ತಿರ್ಗಾಸು ದಾಟಿದ ಮೇಲೆ ತೆಗೆಯುತ್ತಾರೆ. ರಸ್ತೆಯಲ್ಲಿ ಎಲ್ಲೇ ಸೊಪ್ಪು ಕಂಡರೂ, ಪುತ್ತೂರು ಪೇಟೆಯ ನಡುವೆಯೇ ಆದರೂ, ಇಳಿದು ಕುಕ್ಕರಗಾಲಿನಲ್ಲಿ ಕೂತು ಗೆಲ್ಲಿನ ತುದಿ ನೋಡುತ್ತಾರೆ. ಸವಣೂರಿನ ಹೋಟೆಲಿನವರು ತಮಾಷೆ ಮಾಡುತ್ತಾರೆ. "ಮೋನಾಕ, ನಮ್ಮ ಬಾಳೆಲೆಯ ತುದಿ ಒಮ್ಮೆ ನೋಡಿ ಹೇಳಿ ಮಾರಾಯ್ರೆ, ಕಡಿದದ್ದಾ, ಹರಿದದ್ದಾ?" ಅವರೂ ನಗುತ್ತಾರೆ. ನೋಡುವುದನ್ನು ಬಿಡುವುದಿಲ್ಲ.

ಆ ರಸ್ತೆಯ ಕ್ರಮವೇ ಸ್ವಲ್ಪ ಬದಲಾಗಿದೆ. ಈಗ ನಿಂತಿಕಲ್ಲಿನಿಂದ ಮೇಲೆ ಗಾಡಿ ಕೆಟ್ಟವರು ಸೊಪ್ಪು ಹಾಕಿ ಸುಮ್ಮನಾಗುವುದಿಲ್ಲ, ಅದರ ಮೇಲೆ ಒಂದು ಕಲ್ಲು ಇಡುತ್ತಾರೆ. ಅದು ತೀರ್ಥರಾಮರು ಹೇಳಿದ್ದು. "ಆನೆ ಸೊಪ್ಪು ಹಾಕ್ತದೆ, ಕಲ್ಲು ಇಡುದಿಲ್ಲ." ಹೊರಗಿನಿಂದ ಬರುವ ಯಾತ್ರಿಕರಿಗೆ ಇದು ತಿಳಿಯುವುದಿಲ್ಲ. ಅದನ್ನು ನೆನೆದು ಕುಂಞಿ ಮೋನು ಈಗಲೂ ಕೆಲವೊಮ್ಮೆ ಊಟದ ನಡುವೆ ಕೈ ನಿಲ್ಲಿಸುತ್ತಾರೆ.

ಓಮ್ನಿಯ ಮಕ್ಕಳು ಈಗಲೂ ಕೂಗುತ್ತಾರೆ, ಆದರೆ ತಿರ್ಗಾಸಿನ ಆಚೆ. ತಿರ್ಗಾಸಿನಲ್ಲಿ ಸಿಕ್ಕಿದರೆ ಎಲ್ಲರೂ ಗಾಜಿನ ಒಳಗಿನಿಂದ ಎರಡೂ ಕೈಯಿಂದ ಬಾಯಿ ಮುಚ್ಚಿ ತೋರಿಸುತ್ತಾರೆ. ಅವರು ಹ್ಯಾಂಡಲಿನಿಂದ ಒಂದು ಕೈ ತೆಗೆದು ತಮ್ಮ ಬಾಯಿ ಮುಚ್ಚುತ್ತಾರೆ. ಆ ಒಂದು ಕ್ಷಣ ಅವರ ತುಟಿ ಅಂಗೈಯ ಹಿಂದೆ ಏನನ್ನೋ ಎಣಿಸುತ್ತಿರುತ್ತದೆ.

ಆನೆ ಸಿಕ್ಕಿದ ಆ ದಿನವೇ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅರಣ್ಯ ಇಲಾಖೆಯವರು ತೀರ್ಥರಾಮರ ಅಂಗಳಕ್ಕೆ ಬಂದಿದ್ದರು. ಅವರಲ್ಲಿ ಒಬ್ಬ ಯುವಕ, ಒಳ್ಳೆಯ ಮಾತಿನವ. ಕುಂಞಿ ಮೋನು ಇನ್ನೂ ಅದೇ ಮೆಟ್ಟಿಲ ಮೇಲಿದ್ದರು. ಮಕ್ಕಳು ಒಳಗೆ ಅವಲಕ್ಕಿ ತಿನ್ನುತ್ತಿದ್ದರು.

"ಕಾಕ, ನೀವೇ ಹತ್ತಿರದಿಂದ ನೋಡಿದ್ದಲ್ವಾ? ಹಿಂಡಿನಲ್ಲಿ ಎಷ್ಟಿದ್ವು?"

ಕುಂಞಿ ಮೋನು ತಲೆ ಎತ್ತಿದರು. ಬಾಗಿಲಿನ ಒಳಗೆ ಕೂತ ಸಾಲನ್ನು ಇನ್ನೊಮ್ಮೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ನಿಧಾನವಾಗಿ ನೋಡಿದರು.

"ಆನೆಯನ್ನು ನಾನು ಎಣಿಸ್ಲಿಲ್ಲ ಸಾರ್," ಎಂದರು. "ಮಕ್ಕಳನ್ನು ಎಣಿಸಿದೆ. ಹದಿನಾಲ್ಕು."